ಕೊಡಲು ಏನೂ ಇಲ್ಲದ ಅಂಚೆಯವನು

ಮೈಸೂರಿನ ಅಂಚೆ ಹುಟ್ಟಿದ್ದು ಕಾಗದ ಒಯ್ಯುವುದಕ್ಕೆ ಮಾತ್ರವಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ನೆಲೆಗೊಳಿಸಿದ ಆ ವ್ಯವಸ್ಥೆಯ ಬಗ್ಗೆ ಬರೆದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್, ಅಂಚೆಯ ಅಧಿಕಾರಿಗಳು ಅರಮನೆಯ ನಂಬಿಕೆಯ ಬೇಹುಗಾರರೂ ಆಗಿದ್ದರು, ತಮ್ಮ ಸೀಮೆಯಲ್ಲಿ ಒಳಗೊಳಗೇ ನಡೆಯುವುದನ್ನು ದೊರೆಗೆ ತಿಳಿಸುವುದು ಅವರ ಕೆಲಸದ ಭಾಗವಾಗಿತ್ತು ಎಂದು ದಾಖಲಿಸಿದ್ದಾನೆ. ಇದು ಮೈಸೂರಿನ ವಿಶೇಷವೇನೂ ಅಲ್ಲ. ಹದಿನೆಂಟನೆಯ ಶತಮಾನದ ವಿಯೆನ್ನಾದಲ್ಲಿ ರಾಯಭಾರಿಗಳ ಪತ್ರಗಳ ಅರಗಿನ ಮುದ್ರೆ ಬಿಡಿಸಿ, ನಕಲು ತೆಗೆದು, ಮತ್ತೆ ಮುದ್ರೆಯೊತ್ತಿ ಟಪಾಲಿಗೆ ಸೇರಿಸುವ ಕಚೇರಿಯೇ ಇತ್ತು. ಫ್ರಾನ್ಸಿನಲ್ಲಿ ಅಂಥದ್ದಕ್ಕೆ ಕಪ್ಪು ಕೋಣೆ ಎಂಬ ಹೆಸರು ಬಿದ್ದಿತ್ತು. ಕಾಗದ ತಲುಪಿಸುವುದು, ಕಾಗದ ಓದುವುದು ಎರಡೂ ಒಂದೇ ಸೂರಿನಡಿ ಬೆಳೆದ ಕಸುಬುಗಳು. ಸರ್ಕಾರದ ಕಣ್ಣು ತಪ್ಪಿಸಲು ಖಾಸಗಿ ಇಮೇಲ್ ಸೇವೆ ಹುಡುಕುವ ಇಂದಿನವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಕಂಪನಿ ಯಾವ ದೇಶದ್ದು? ನಡೆಸುವವರು ನಂಬಿಕಸ್ಥರೇ? ಪತ್ರದ ಇತಿಹಾಸ ಓದಿದರೆ ಈ ಎರಡು ಪ್ರಶ್ನೆಗಳನ್ನೇ ನೆಚ್ಚಿಕೊಂಡವರು ಪದೇ ಪದೇ ಮೋಸಹೋದದ್ದು ಕಾಣುತ್ತದೆ. ಒಯ್ಯುವವನ ಒಳ್ಳೆಯತನದಿಂದ ಗುಟ್ಟು ಉಳಿದದ್ದು ಅಪರೂಪ. ಉಳಿದಿದ್ದರೆ ಒಂದೋ ಒಯ್ಯುವವನಿಗೆ ಒಳಗಿನದು ತಿಳಿಯುವಂತೆಯೇ ಇರಲಿಲ್ಲ, ಇಲ್ಲವೇ ತೆರೆಯಹೊರಟವರ ಕೈ ಹಿಡಿಯುವ ಕಾನೂನು ಇತ್ತು.

1844ರ ಲಂಡನ್ನಿನ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಆಶ್ರಯ ಪಡೆದಿದ್ದ ಇಟಲಿಯ ಕ್ರಾಂತಿಕಾರಿ ಮ್ಯಾಜಿನಿಗೆ ತನ್ನ ಪತ್ರಗಳನ್ನು ಯಾರೋ ತೆರೆಯುತ್ತಿದ್ದಾರೆ ಎಂಬ ಅನುಮಾನ ಬಂತು. ಅವನೂ ಅವನ ಗೆಳೆಯರೂ ಲಕೋಟೆಯೊಳಗೆ ಗಸಗಸೆ ಕಾಳು, ಕೂದಲೆಳೆಗಳನ್ನಿಟ್ಟು ತಮಗೆ ತಾವೇ ಅಂಚೆ ಮಾಡಿಕೊಂಡರು. ಲಕೋಟೆ ಬಂತು, ಕಾಳು ಬರಲಿಲ್ಲ. ದೂರು ಸಂಸತ್ತಿಗೆ ಹೋಯಿತು. ಗೃಹ ಸಚಿವ ಸರ್ ಜೇಮ್ಸ್ ಗ್ರಹಾಂ ವಾರಂಟಿಗೆ ಸಹಿ ಹಾಕಿದ್ದು, ಪತ್ರಗಳಲ್ಲಿದ್ದ ಸುದ್ದಿ ಪರದೇಶದ ಸರ್ಕಾರಕ್ಕೆ ಮುಟ್ಟಿದ್ದು ಬಯಲಾಯಿತು. ಸಭ್ಯ ಸರ್ಕಾರ ಹೀಗೆ ಮಾಡಲಾರದು ಎಂದು ನಂಬಿದ್ದ ಇಂಗ್ಲಿಷ್ ಮಧ್ಯಮ ವರ್ಗ ಕೆರಳಿತು. ಅಂಚೆ ಕಚೇರಿಯೊಳಗಿನ ಗುಪ್ತ ವಿಭಾಗ ಅದೇ ವರ್ಷ ಮುಚ್ಚಿತು. ಆದರೆ ವಾರಂಟ್ ಹೊರಡಿಸುವ ಅಧಿಕಾರ ಸಚಿವರ ಕೈಯಲ್ಲೇ ಉಳಿಯಿತು. ನಾಚಿಕೆಯಿಂದ ಒಂದು ಕಚೇರಿ ಮುಚ್ಚಬಹುದು, ಅಧಿಕಾರ ಮಾತ್ರ ತಾನಾಗಿ ಕರಗುವುದಿಲ್ಲ. ಈ ಪಾಠ ಇಂಡಿಯಾದಲ್ಲಿ ಇನ್ನೂ ನಿಚ್ಚಳ. ವಸಾಹತು ಸರ್ಕಾರ 1885ರ ತಂತಿ ಕಾಯ್ದೆಯಲ್ಲೂ 1898ರ ಅಂಚೆ ಕಾಯ್ದೆಯ 26ನೇ ಕಲಮಿನಲ್ಲೂ ಸಾರ್ವಜನಿಕ ತುರ್ತು ಮತ್ತು ಸುರಕ್ಷತೆಯ ಹೆಸರಲ್ಲಿ ಸಂದೇಶ ತಡೆದು ನೋಡುವ ಅಧಿಕಾರ ಬರೆದಿಟ್ಟುಕೊಂಡಿತು. ಸ್ವತಂತ್ರ ಭಾರತ ಅವನ್ನು ಹಾಗೆಯೇ ಎತ್ತಿಕೊಂಡಿತು. 1986ರಲ್ಲಿ ಆ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ತಿದ್ದುಪಡಿ ಸಂಸತ್ತಿನ ಎರಡೂ ಸದನಗಳಲ್ಲಿ ಪಾಸಾದಾಗ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಸಹಿಯನ್ನೂ ಹಾಕದೆ, ವಾಪಸ್ಸೂ ಕಳಿಸದೆ ಸುಮ್ಮನೆ ಇಟ್ಟುಕೊಂಡುಬಿಟ್ಟರು. ನಾಡಿನ ಜನರ ಕಾಗದಗಳನ್ನು ಆ ಹೊತ್ತು ಕಾಪಾಡಿದ್ದು ಒಬ್ಬ ವ್ಯಕ್ತಿಯ ಮೌನ. ನೆಚ್ಚಿಕೊಳ್ಳಬಹುದಾದ ಏರ್ಪಾಡಲ್ಲ ಅದು. ಎರಡೇ ವರ್ಷದಲ್ಲಿ, 1988ರ ಆಗಸ್ಟಿನಲ್ಲಿ, ಫೋನ್ ಕದ್ದಾಲಿಕೆಯ ಆರೋಪ ಹೊತ್ತು ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಮೌಲ್ಯಾಧಾರಿತ ರಾಜಕಾರಣದ ಮಾತು ಅಷ್ಟು ಜೋರಾಗಿ ಕೇಳಿಬರುತ್ತಿದ್ದ ಕಾಲದಲ್ಲೂ ಅಂಥ ಆರೋಪ ಹುಟ್ಟಲು ಜಾಗವಿತ್ತು ಎಂಬುದನ್ನು ಕನ್ನಡಿಗರು ಮರೆಯಬಾರದು.

ಇಮೇಲ್ ಬಂದ ಮೇಲೆ ಸಮಸ್ಯೆ ಕಡಿಮೆಯಾಗಲಿಲ್ಲ, ಹೆಚ್ಚಿತು. ಕಾಗದಕ್ಕೆ ಲಕೋಟೆಯಾದರೂ ಇತ್ತು. ತೆರೆಯಲು ಕೈ ಬೇಕಿತ್ತು, ಹಬೆ ಬೇಕಿತ್ತು, ಹೊತ್ತು ಬೇಕಿತ್ತು. ಆ ಶ್ರಮವೇ ಕಣ್ಗಾವಲಿಗೆ ಒಂದು ಮಿತಿ ಹಾಕಿತ್ತು. ಸಾಮಾನ್ಯ ಇಮೇಲ್ ದಾರಿಯಲ್ಲಿ ಎನ್‌ಕ್ರಿಪ್ಟ್ ಆಗಿ ಸಾಗಿದರೂ ಕಂಪನಿಯ ಸರ್ವರ್ ತಲುಪಿದ ಮೇಲೆ ಕಂಪನಿ ಓದಬಲ್ಲ ರೂಪದಲ್ಲೇ ಇರುತ್ತದೆ, ವರ್ಷಗಟ್ಟಲೆ ಇರುತ್ತದೆ. ಬಂದ ಪತ್ರವನ್ನೆಲ್ಲ ಅಂಚೆ ಕಚೇರಿಯೇ ನಕಲು ಮಾಡಿ ಕಪಾಟಿನಲ್ಲಿ ಜೋಡಿಸಿಟ್ಟುಕೊಂಡಂತೆ ಇದು. ಕಪಾಟಿನ ಕೀಲಿ ಇರುವವರೆಗೂ ಅದನ್ನು ಕೇಳುವವರು ಬಂದೇ ಬರುತ್ತಾರೆ. ಚೀನಾದ ಪತ್ರಕರ್ತ ಶಿ ತಾವೊ 2004ರಲ್ಲಿ, ತಿಯಾನನ್ಮೆನ್ ಘಟನೆಯ ಹದಿನೈದನೆಯ ವರ್ಷದ ಹೊತ್ತಿಗೆ ಮಾಧ್ಯಮಗಳಿಗೆ ಬಂದ ಸರ್ಕಾರಿ ಸೂಚನೆಯ ವಿವರವನ್ನು ಯಾಹೂ ಖಾತೆಯಿಂದ ಹೊರದೇಶಕ್ಕೆ ಕಳಿಸಿದ. ಕೇಳಿದ ಮಾಹಿತಿಯನ್ನು ಯಾಹೂ ಪೊಲೀಸರಿಗೆ ಕೊಟ್ಟಿತು. 2005ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು. ಯಾಹೂ ಅಮೆರಿಕದ ಕಂಪನಿ, ಪ್ರಜಾಪ್ರಭುತ್ವದ ನೆಲದಲ್ಲಿ ಬೆಳೆದದ್ದು. ಕಂಪನಿಯ ಮುಖ್ಯಸ್ಥರು 2007ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಕ್ಷಮೆಯನ್ನೂ ಕೇಳಿದರು. ಅವನ ಜೈಲುವಾಸ ಅದರಿಂದ ಮುಗಿಯಲಿಲ್ಲ, 2013ರವರೆಗೂ ನಡೆಯಿತು. ಅದೇ 2013ರ ಜೂನಿನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗಿಟ್ಟ ದಾಖಲೆಗಳು, ದೊಡ್ಡ ಇಮೇಲ್ ಕಂಪನಿಗಳಿಂದ ಅಮೆರಿಕದ ಗುಪ್ತಚರ ಸಂಸ್ಥೆ ಮಾಹಿತಿ ಪಡೆಯುವ ಪ್ರಿಸಂ ಎಂಬ ಏರ್ಪಾಡನ್ನು ಬೆಳಕಿಗೆ ತಂದವು. ಆ ದಾಖಲೆಗಳ ಪ್ರಕಾರ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ ಸಂಗ್ರಹವಾದ ಮಾಹಿತಿಯ ತುಣುಕುಗಳು 630 ಕೋಟಿ. ಅಷ್ಟು ಹೆಚ್ಚು ಸಂಗ್ರಹವಾದ ದೇಶಗಳಲ್ಲಿ ನಮ್ಮದು ಐದನೆಯದು.

ಇದಕ್ಕೆ ಉತ್ತರ ಅದಕ್ಕೂ ಬಹಳ ಮೊದಲೇ ಸಿಕ್ಕಿತ್ತು. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಎಂಬ ಅಮೆರಿಕನ್ ಬರೆದು ಹಂಚಿದ ಪಿಜಿಪಿ ತಂತ್ರಾಂಶದಲ್ಲಿ ಪತ್ರ ಬರೆಯುವವರ ಕಂಪ್ಯೂಟರಿನಲ್ಲೇ ಗೂಢಲಿಪಿಯಾಗುತ್ತಿತ್ತು, ಓದುವವರ ಕಂಪ್ಯೂಟರಿನಲ್ಲೇ ಬಿಡಿಸಿಕೊಳ್ಳುತ್ತಿತ್ತು. ನಡುವಿನ ಯಾವ ಅಂಚೆಯವನ ಬಳಿಯೂ ಕೀಲಿ ಇರಲಿಲ್ಲ. ಸರ್ಕಾರ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತೆಂದರೆ, ಗೂಢಲಿಪಿಯನ್ನು ಯುದ್ಧಸಾಮಗ್ರಿಯ ಸಾಲಿಗೆ ಸೇರಿಸಿದ್ದ ರಫ್ತು ನಿಯಮದಡಿ ಝಿಮ್ಮರ್‌ಮನ್ ಮೇಲೆ ಮೂರು ವರ್ಷ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ತಂತ್ರಾಂಶದ ಮೂಲ ಬರಹವನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಆಗಿತ್ತು, ಪುಸ್ತಕದ ರಫ್ತಿಗೆ ಆ ತಡೆ ತಾಗುತ್ತಿರಲಿಲ್ಲ. ತತ್ವವಾಗಿ ಪಿಜಿಪಿಗೆ ಇಂದಿಗೂ ಎದುರಿಲ್ಲ. ಜನ ಮಾತ್ರ ಬಳಸಲಿಲ್ಲ, ಅದು ಅವರ ತಪ್ಪೂ ಅಲ್ಲ. 1999ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ಇಮೇಲ್ ಬಳಸಲು ಬಲ್ಲ 12 ಜನರಿಗೆ 90 ನಿಮಿಷ ಕೊಟ್ಟು ಪಿಜಿಪಿಯಲ್ಲಿ ಪತ್ರ ಕಳಿಸಲು ಹೇಳಿದರೆ ಹೆಚ್ಚಿನವರಿಗೆ ಸರಿಯಾಗಿ ಮಾಡಲಾಗಲಿಲ್ಲ. ಕೆಲವರು ಗುಟ್ಟಿನ ಪತ್ರವನ್ನು ಬಟಾಬಯಲಾಗಿಯೇ ಕಳಿಸಿಬಿಟ್ಟರು. ಸುರಕ್ಷತೆ ಬೇಕು, ತೊಡಕು ಬೇಡ ಎನ್ನುವವರಿಗಾಗಿ ಖಾಸಗಿ ಇಮೇಲ್ ಕಂಪನಿಗಳು ಹುಟ್ಟಿದ್ದು ಈ ಬಿರುಕಿನಲ್ಲಿ. ಕಷ್ಟದ ಕೆಲಸವನ್ನು ತಾವು ಮಾಡುತ್ತೇವೆ ಎಂದವು. ಆದರೆ ಕಷ್ಟವನ್ನು ಕಂಪನಿಗೆ ವಹಿಸುವಾಗ ಎಷ್ಟೋ ಸಲ ಕೀಲಿಯೂ ಅದರ ಜೊತೆಗೇ ಹೋಗುತ್ತದೆ.

1999ರಲ್ಲಿ ಶುರುವಾದ ಕೆನಡಾದ ಹಶ್‌ಮೇಲ್‌ನ ಕಥೆ ಇದೇ. ಮೊದಲು ಬಳಕೆದಾರರ ಬ್ರೌಸರಿನಲ್ಲೇ ಗೂಢಲಿಪಿಯ ಕೆಲಸ ನಡೆಯುತ್ತಿತ್ತು. ಮುಂದೆ ಅನುಕೂಲಕ್ಕೆಂದು ಸರ್ವರಿನಲ್ಲೇ ಮಾಡುವ ಸುಲಭದ ಬಗೆಯನ್ನೂ ಕೊಟ್ಟಿತು. ಹಾಗೆ ಮಾಡಬೇಕಾದರೆ ಬಳಕೆದಾರರ ಪಾಸ್‌ವರ್ಡ್ ಒಂದು ಕ್ಷಣವಾದರೂ ಸರ್ವರ್ ತಲುಪಬೇಕು. 2007ರಲ್ಲಿ ಅಮೆರಿಕದ ಒಂದು ಔಷಧ ದಂಧೆಯ ಪ್ರಕರಣದಲ್ಲಿ ಕೆನಡಾದ ನ್ಯಾಯಾಲಯದ ಆದೇಶಕ್ಕೆ ಮಣಿದು ಆ ಕಂಪನಿ ಮೂರು ಖಾತೆಗಳ ಪತ್ರಗಳನ್ನು ಓದುವ ರೂಪದಲ್ಲೇ 12 ಸಿ.ಡಿ.ಗಳಲ್ಲಿ ತುಂಬಿ ಕೊಟ್ಟದ್ದು ಹೊರಬಂತು. ಕಂಪನಿ ಕಾನೂನು ಪಾಲಿಸಿತು, ಅದರಲ್ಲಿ ತಪ್ಪಿಲ್ಲ. ತಮ್ಮ ಪತ್ರ ಕಂಪನಿಗೂ ಕಾಣದು ಎಂದು ನಂಬಿದ್ದವರಿಗೆ ಮಾತ್ರ ಆಘಾತವಾಯಿತು.

ಟೆಕ್ಸಾಸಿನ ಲಾವಾಬಿಟ್ ಪ್ರಕರಣದಲ್ಲಿ ನಿಲ್ಲಬೇಕು. ಈ ವಾದದ ತಿರುಳು ಅಲ್ಲಿದೆ. ಲ್ಯಾಡಾರ್ ಲೆವಿಸನ್ 2004ರಲ್ಲಿ ಕಟ್ಟಿದ ಈ ಚಿಕ್ಕ ಸೇವೆಗೆ 2013ರ ಹೊತ್ತಿಗೆ ಸುಮಾರು 4 ಲಕ್ಷ ಬಳಕೆದಾರರಿದ್ದರು, ಅವರಲ್ಲಿ ಸ್ನೋಡೆನ್ ಕೂಡ ಒಬ್ಬ. ಹಣ ಕೊಟ್ಟ ಬಳಕೆದಾರರ ಪತ್ರಗಳು ಸರ್ವರಿನಲ್ಲಿ ಗೂಢಲಿಪಿಯಲ್ಲೇ ಇರುತ್ತಿದ್ದವು, ಬಿಡಿಸಲು ಅವರವರ ಪಾಸ್‌ವರ್ಡ್ ಬೇಕಿತ್ತು. ಆ ಜೂನಿನಲ್ಲಿ ಬಂದ ತನಿಖಾ ಅಧಿಕಾರಿಗಳಿಗೆ ಬೇಕಿದ್ದದ್ದು ಒಬ್ಬನ ವ್ಯವಹಾರ. ಕೊನೆಗೆ ಅವರು ಕೇಳಿದ್ದು ಇಡೀ ಸೇವೆಯ ಸಂಪರ್ಕವನ್ನು ಕಾಯುವ ಎಸ್‌ಎಸ್‌ಎಲ್ ಕೀಲಿಯನ್ನು. ಅದು ಸಿಕ್ಕರೆ ಆ ದಾರಿಯಲ್ಲಿ ಹಾಯುವ ಪ್ರತಿಯೊಬ್ಬರ ಪಾಸ್‌ವರ್ಡ್ ಓದಬಹುದು. ಪಾಸ್‌ವರ್ಡ್ ಸಿಕ್ಕರೆ ಪತ್ರಗಳೂ ಸಿಕ್ಕವು. ಲೆವಿಸನ್ ವಿರೋಧಿಸಿದ. ನ್ಯಾಯಾಲಯ ಒತ್ತಾಯಿಸಿದಾಗ ಕೀಲಿಯನ್ನು ಕಣ್ಣಿಗೆ ಹಿಡಿಯದಷ್ಟು ಸಣ್ಣ ಅಕ್ಷರದಲ್ಲಿ 11 ಪುಟ ಮುದ್ರಿಸಿ ಕೊಟ್ಟ. ದಿನಕ್ಕೆ 5,000 ಡಾಲರ್ ದಂಡ ಬಿತ್ತು. ಕೊನೆಗೆ ಕೀಲಿ ಕೊಟ್ಟು, ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿದ, ಏಕೆ ಮುಚ್ಚಿದೆ ಎಂದು ಹೇಳುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಮರುದಿನವೇ ಸೈಲೆಂಟ್ ಸರ್ಕಲ್ ಎಂಬ ಇನ್ನೊಂದು ಕಂಪನಿ, ಯಾರೂ ಕೇಳಿಕೊಂಡು ಬರುವ ಮುಂಚೆಯೇ, ತನ್ನ ಇಮೇಲ್ ಸೇವೆಯನ್ನು ನಿಲ್ಲಿಸಿತು. ಲೆವಿಸನ್ ಧೈರ್ಯಸ್ಥ, ಅದರಲ್ಲಿ ಅನುಮಾನವಿಲ್ಲ. ಸುಮಾರು ಹತ್ತು ವರ್ಷದ ದುಡಿಮೆಯನ್ನು ತನ್ನ ಕೈಯಾರೆ ಮುಗಿಸಿದವನು. ಆದರೂ ಅವನ ವ್ಯವಸ್ಥೆಯ ರಚನೆಯಲ್ಲಿ ಒಂದು ದೋಷವಿತ್ತು: ಒಬ್ಬನ ಬಾಗಿಲು ತೆರೆಯುವ ಕೀಲಿಯೇ ನಾಲ್ಕು ಲಕ್ಷ ಜನರ ಬಾಗಿಲನ್ನೂ ತೆರೆಯುತ್ತಿತ್ತು, ಅದು ಅವನ ಬಳಿ ಇತ್ತು. ಇದ್ದದ್ದರಿಂದಲೇ ಕೇಳಿದರು. ಒಯ್ಯುವವನ ಶೌರ್ಯ ದೊಡ್ಡದೇ, ಆದರೆ ಶೌರ್ಯವನ್ನು ಬೇಡುವ ರಚನೆ ಒಳ್ಳೆಯ ರಚನೆಯಲ್ಲ.

ಲಾವಾಬಿಟ್ ಮುಚ್ಚುವಾಗ ಲೆವಿಸನ್, ಅಮೆರಿಕದೊಂದಿಗೆ ನಂಟಿರುವ ಕಂಪನಿಗೆ ಖಾಸಗಿ ಮಾಹಿತಿ ಒಪ್ಪಿಸಬೇಡಿ ಎಂದು ಎಚ್ಚರಿಸಿದ್ದ. ಜನ ಅದನ್ನು ಕೇಳಿ ದೇಶ ಹುಡುಕತೊಡಗಿದರು, ಕಣ್ಣು ಸ್ವಿಟ್ಜರ್ಲೆಂಡಿನ ಮೇಲೆ ನಿಂತಿತು. ಜಿನೀವಾದ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿದ್ದ ವಿಜ್ಞಾನಿಗಳು 2014ರ ಮೇನಲ್ಲಿ ಆರಂಭಿಸಿದ ಪ್ರೋಟಾನ್‌ಮೇಲ್‌ಗೆ ಜನರೇ ಚಂದಾ ಎತ್ತಿ ಐದು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಆದರೆ ದೇಶದ ಹೆಸರು ಎಷ್ಟು ದೂರ ಕಾಯುತ್ತದೆ? 2020ರ ಫೆಬ್ರವರಿಯಲ್ಲಿ, ದಶಕಗಳ ಕಾಲ ಹಲವು ದೇಶಗಳಿಗೆ ಗೂಢಲಿಪಿ ಯಂತ್ರ ಮಾರಿದ ಸ್ವಿಟ್ಜರ್ಲೆಂಡಿನ ಕ್ರಿಪ್ಟೊ ಎಜಿ ಕಂಪನಿಯ ಗುಪ್ತ ಒಡೆತನ 1970ರಿಂದ ಅಮೆರಿಕದ ಸಿಐಎ ಮತ್ತು ಜರ್ಮನಿಯ ಗುಪ್ತಚರ ಸಂಸ್ಥೆಯದಾಗಿತ್ತು ಎಂದು ಬಯಲಾಯಿತು. ಆ ಯಂತ್ರ ಕೊಂಡವರಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಸರ್ಕಾರಗಳೇ ತಟಸ್ಥ ದೇಶ ಎಂಬ ಒಂದೇ ನಂಬಿಕೆಯ ಮೇಲೆ ತಮ್ಮ ಗುಟ್ಟುಗಳನ್ನು ಪರರಿಗೆ ಓದಲು ಕೊಟ್ಟವು. ಪ್ರೋಟಾನ್ ಅಂಥ ಮೋಸದ ಕಂಪನಿ ಎಂದು ಹೇಳುತ್ತಿಲ್ಲ. ಆದರೆ ಅದೂ ಕಾನೂನಿಗೆ ಒಳಪಟ್ಟದ್ದು. 2021ರಲ್ಲಿ ಫ್ರಾನ್ಸಿನ ಪೊಲೀಸರು ಯುರೋಪೋಲ್ ಮೂಲಕ ಕೇಳಿ, ಸ್ವಿಸ್ ಅಧಿಕಾರಿಗಳು ಆದೇಶಿಸಿದಾಗ, ಪರಿಸರ ಹೋರಾಟಗಾರನೊಬ್ಬನ ಐಪಿ ವಿಳಾಸವನ್ನು ದಾಖಲಿಸಿ ಕೊಟ್ಟಿತು. 2024ರಲ್ಲಿ ಸ್ಪೇನಿನ ಪ್ರಕರಣವೊಂದರಲ್ಲಿ ಬಳಕೆದಾರ ಸ್ವತಃ ಬರೆದಿಟ್ಟಿದ್ದ ಬದಲಿ ಇಮೇಲ್ ವಿಳಾಸ ಕೈಬದಲಾಯಿತು. ಆ ವಿಳಾಸ ಆಪಲ್‌ನದಾಗಿದ್ದರಿಂದ ಗುರುತು ಪತ್ತೆಯಾಗಲು ಹೊತ್ತು ಹಿಡಿಯಲಿಲ್ಲ.

ಈ ಎರಡು ಸುದ್ದಿ ಬಂದಾಗ ಅನೇಕರು ಪ್ರೋಟಾನ್ ಮೋಸ ಮಾಡಿತು ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಏನು ಹೋಯಿತು, ಏನು ಹೋಗಲಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಐಪಿ ವಿಳಾಸ ಹೋಯಿತು, ಬದಲಿ ವಿಳಾಸ ಹೋಯಿತು. ಪತ್ರಗಳ ಒಡಲು ಹೋಗಲಿಲ್ಲ, ಏಕೆಂದರೆ ಅದನ್ನು ಬಿಡಿಸುವ ಕೀಲಿ ಕಂಪನಿಯ ಬಳಿ ಇರಲಿಲ್ಲ. ಹಶ್‌ಮೇಲ್, ಲಾವಾಬಿಟ್ ಎರಡಕ್ಕೂ ಇಲ್ಲದ್ದು ಇದು. ಹಾಗೆಂದು ಮಿತಿಗಳಿಲ್ಲವೆಂದಲ್ಲ. ಪ್ರೋಟಾನಿನಲ್ಲಿ ಪತ್ರದ ವಿಷಯದ ಸಾಲಿಗೆ ಒಡಲಿಗಿರುವಷ್ಟು ರಕ್ಷಣೆಯಿಲ್ಲ. ಜರ್ಮನಿಯ ಟುಟಾ ಅದನ್ನೂ ಗೂಢಲಿಪಿಗೆ ಸೇರಿಸುತ್ತದೆ. ಎರಡರಲ್ಲಿ ಯಾವುದನ್ನೇ ಬಳಸಿ, ಜಿಮೇಲಿನಲ್ಲಿರುವ ಗೆಳೆಯರಿಗೆ ಸಾಮಾನ್ಯ ಪತ್ರ ಬರೆದ ಕೂಡಲೇ ಅದರ ಪ್ರತಿ ಗೂಗಲ್‌ನ ಸರ್ವರಿನಲ್ಲಿ ಓದುವಂತೆ ಕೂತಿರುತ್ತದೆ. ಯಾರು ಯಾರಿಗೆ ಯಾವಾಗ ಬರೆದರು ಎಂಬುದು ಯಾವ ಇಮೇಲಿನಲ್ಲೂ ಪೂರ್ತಿ ಮರೆಯಾಗುವುದಿಲ್ಲ. ಹಾಗಾಗಿ ಸೇವೆ ಆರಿಸುವವರು ಕೇಳಬೇಕಾದದ್ದು ಇಷ್ಟು: ನಾಳೆ ಕಾನೂನುಬದ್ಧ ಆದೇಶ ಬಂದರೆ, ಒಳ್ಳೆಯವರಾಗಿಯೇ ಇದ್ದು, ಇವರು ಏನನ್ನು ಕೊಡಲಾರರು? ಕೀಲಿ ಎಲ್ಲಿದೆ, ತಂತ್ರಾಂಶದ ಮೂಲ ಬರಹವನ್ನು ಹೊರಗಿನವರು ಪರೀಕ್ಷಿಸಬಹುದೇ, ಲಾಗ್ ಎಷ್ಟು ದಿನ ಇಡುತ್ತಾರೆ, ಹಣ ಪಾವತಿಯಲ್ಲಿ ಯಾವ ಹೆಸರು ಉಳಿಯುತ್ತದೆ ಎಂಬ ಉಪಪ್ರಶ್ನೆಗಳೆಲ್ಲ ಇದರೊಳಗೇ ಬರುತ್ತವೆ.

ಸ್ವದೇಶಿ ಸೇವೆ ಬಳಸಿದರೆ ಸಾಲದೇ ಎಂದು ಈಚೆಗೆ ಹಲವರು ಕೇಳುತ್ತಾರೆ. ಕೇಂದ್ರ ಸರ್ಕಾರವೇ ಸುಮಾರು 12 ಲಕ್ಷ ಸರ್ಕಾರಿ ಇಮೇಲ್ ಖಾತೆಗಳನ್ನು ಚೆನ್ನೈ ಮೂಲದ ಝೋಹೊ ವೇದಿಕೆಗೆ ಸಾಗಿಸಿದೆ. ಅಮೆರಿಕದ ಕಣ್ಣಿನಿಂದ ಸರ್ಕಾರಿ ಕಡತ ಕಾಪಾಡುವುದಕ್ಕೆ ಅದು ಸರಿಯಾದ ಹೆಜ್ಜೆಯೇ. ಆದರೆ ಪ್ರಜೆಯೊಬ್ಬಳಿಗೆ ತನ್ನದೇ ಸರ್ಕಾರದ ಅತಿಕುತೂಹಲದಿಂದ ರಕ್ಷಣೆ ಬೇಕಿದ್ದರೆ ಲೆಕ್ಕ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ ಗೂಢಲಿಪಿ ಬಿಡಿಸಿಕೊಡಲು ಆದೇಶಿಸಬಹುದು, ನೆರವು ಕೊಡದವರಿಗೆ ಏಳು ವರ್ಷದವರೆಗೆ ಸೆರೆ. ಕಂಪನಿ ದೇಶದೊಳಗೇ ಇದ್ದು, ಕೀಲಿಯೂ ಅದರ ಬಳಿಯೇ ಇದ್ದರೆ, ಆದೇಶ ಬಂದ ದಿನ ಮಾತನಾಡಲು ಏನೂ ಉಳಿಯುವುದಿಲ್ಲ.

ಈಗ ಅತಿ ಗಟ್ಟಿಯಾದ ಆಕ್ಷೇಪ. ಗುಟ್ಟಿನ ಇಮೇಲು ಕಿಡಿಗೇಡಿಗಳಿಗೂ ಆಸರೆಯಲ್ಲವೇ? ಈ ಪ್ರಶ್ನೆ ಬೆಂಗಳೂರಿನಲ್ಲೇ ಎದ್ದಿದೆ. 2023ರ ಡಿಸೆಂಬರ್ 1ರಂದು ನಗರದ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ತಂದೆತಾಯಂದಿರು ಪಟ್ಟ ಪಾಡು ಸಣ್ಣದಲ್ಲ. 2025ರ ಏಪ್ರಿಲ್ 29ರಂದು, ಮಹಿಳಾ ಉದ್ಯೋಗಿಯನ್ನು ಗುರಿ ಮಾಡಿದ ಅಶ್ಲೀಲ ಇಮೇಲ್‌ಗಳ ಕುರಿತ ಅರ್ಜಿಯಲ್ಲಿ, ಕರ್ನಾಟಕ ಹೈಕೋರ್ಟ್ ಪ್ರೋಟಾನ್‌ಮೇಲನ್ನು ತಡೆಹಿಡಿಯುವ ಪ್ರಕ್ರಿಯೆ ನಡೆಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಆ ಹೆಣ್ಣುಮಗಳ ನೋವನ್ನು ಖಾಸಗಿತನದ ಪರವಾಗಿ ಮಾತಾಡುವವರು ಬದಿಗೆ ತಳ್ಳಬಾರದು. ಅವಳಿಗಾದದ್ದೂ ಖಾಸಗಿತನದ ಮೇಲಿನ ದಾಳಿಯೇ. ಆದರೆ ಪರಿಹಾರ ಇಡೀ ಸೇವೆಯನ್ನು ಮುಚ್ಚುವುದರಲ್ಲಿಲ್ಲ. ಬಳಕೆದಾರರಿಗೆ ದಿಗಿಲು ಹುಟ್ಟಿಸಿದ ಆ 2021ರ ಫ್ರೆಂಚ್ ಪ್ರಕರಣವೇ ಇಲ್ಲಿ ಉತ್ತರ: ದೇಶದಿಂದ ದೇಶಕ್ಕೆ ಕಾನೂನಿನ ದಾರಿಯಲ್ಲಿ ಕೋರಿಕೆ ಹೋದರೆ ನಿರ್ದಿಷ್ಟ ಖಾತೆಯೊಂದರ ಗುರುತಿನ ಎಳೆ ಸಿಗುತ್ತದೆ. ಆ ದಾರಿ ನಿಧಾನ ಎಂಬುದು ನಿಜ. ಅದನ್ನು ಚುರುಕು ಮಾಡುವುದು ಸರ್ಕಾರದ ಹೊಣೆ. ಒಬ್ಬನನ್ನು ಹಿಡಿಯಲು ಲಕ್ಷಾಂತರ ಜನರ ಪತ್ರಪೆಟ್ಟಿಗೆ ಕಿತ್ತುಹಾಕುವುದು ಲಾವಾಬಿಟ್‌ನ ಕೀಲಿ ಕೇಳಿದಷ್ಟೇ ಅಳತೆ ಮೀರಿದ ಕ್ರಮ. ಹಾಗೆ ಕಿತ್ತರೂ ಕಿಡಿಗೇಡಿ ಇನ್ನೊಂದು ಸೇವೆಗೆ ಹೋಗುತ್ತಾನೆ. ಸುದ್ದಿಮೂಲ ಕಾಯುವ ಪತ್ರಕರ್ತೆ, ಕಕ್ಷಿದಾರನ ಗುಟ್ಟು ಕಾಯುವ ವಕೀಲ ಮಾತ್ರ ಬಯಲಲ್ಲಿ ಉಳಿಯುತ್ತಾರೆ.

ತಪ್ಪು ಮಾಡದವರಿಗೆ ಅಂಜಿಕೆಯೇಕೆ ಎನ್ನುವವರಿಗೆ ಮ್ಯಾಜಿನಿಯ ಗಸಗಸೆ ಕಾಳಿನಿಂದ ಇಲ್ಲಿಯವರೆಗಿನ ಕಥೆಯೇ ಉತ್ತರ, ಬೇರೆ ಬೇಕಿಲ್ಲ. ಇನ್ನೊಂದು ಬದಿಯಿಂದ ಬರುವ ಆಕ್ಷೇಪ ಹೆಚ್ಚು ತೂಕದ್ದು: ಫೋನಿಗೇ ಬೇಹು ತಂತ್ರಾಂಶ ಹೊಕ್ಕರೆ ಎಂಥ ಇಮೇಲಿದ್ದೇನು? ಪೆಗಾಸಸ್ ಎಂಬ ಅಂಥ ತಂತ್ರಾಂಶ ಬಳಸಿದ ಆರೋಪದ ವಿಚಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಯಾವುದೋ ದುಷ್ಟ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಒಬ್ಬರನ್ನೇ ಗುರಿಯಿಟ್ಟು ಬಂದ ಅಂಥ ದಾಳಿಗೆ ಇಮೇಲ್ ಸೇವೆ ಗುರಾಣಿಯಲ್ಲ. ಅದು ತಡೆಯುವುದು ಎಲ್ಲರ ಪತ್ರಗಳನ್ನೂ ಒಟ್ಟಿಗೆ ಬಾಚಿಕೊಳ್ಳುವ ಸುಲಭದ ದಾರಿಯನ್ನು. ಉಳಿದದ್ದನ್ನು ತಡೆಯಬೇಕಾದದ್ದು ಕಾನೂನು, ನಮ್ಮಲ್ಲಿ ಬಡವಾಗಿರುವುದೂ ಅದೇ. ಫೋನ್ ಕದ್ದಾಲಿಕೆ ಖಾಸಗಿತನದ ಭಂಗ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಮೊದಲೇ ನ್ಯಾಯಾಧೀಶರ ಅನುಮತಿ ಬೇಕೆಂಬ ಬೇಡಿಕೆಯನ್ನು ಒಪ್ಪದೆ ಗೃಹ ಕಾರ್ಯದರ್ಶಿಯ ಆದೇಶ, ಅಧಿಕಾರಿಗಳ ಪರಿಶೀಲನಾ ಸಮಿತಿ ಸಾಕು ಎಂದಿತು. ಆ ಸಮಿತಿ ಎರಡು ತಿಂಗಳಿಗೊಮ್ಮೆ ಸೇರಿ ಒಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ಪರಿಶೀಲಿಸಬೇಕಾದ ಸ್ಥಿತಿಯಿದೆ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು. ಅಷ್ಟನ್ನು ಓದಲು ಯಾವ ಮನುಷ್ಯರಿಂದಲೂ ಆಗದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅದಾಗಿ ಆರು ವರ್ಷಕ್ಕೆ, 2023ರ ಡಿಸೆಂಬರಿನಲ್ಲಿ, ಸಂಸತ್ತು ಹೊಸ ಅಂಚೆ ಕಾಯ್ದೆಯನ್ನೂ ಹೊಸ ದೂರಸಂಪರ್ಕ ಕಾಯ್ದೆಯನ್ನೂ ಪಾಸು ಮಾಡಿತು. ಎರಡರಲ್ಲೂ ತಡೆದು ನೋಡುವ ಅಧಿಕಾರವಿದೆ, ಎರಡರಲ್ಲೂ ನ್ಯಾಯಾಧೀಶರ ವಾರಂಟ್ ಎಂಬ ಷರತ್ತಿಲ್ಲ. ಕೀಲಿ ತನ್ನ ಬಳಿ ಇಟ್ಟುಕೊಳ್ಳದ ಸೇವೆಯನ್ನು ಆರಿಸಿಕೊಳ್ಳುವುದು ಓದುಗರ ಕೈಯಲ್ಲಿದೆ. ಆ ಷರತ್ತನ್ನು ಕಾಯ್ದೆಗೆ ಸೇರಿಸಿ ಎಂದು ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರವನ್ನೂ ಬರೆಯಿರಿ, ಅದನ್ನು ಬೇಕಾದರೆ ಎಲ್ಲರೂ ಓದಲಿ.